ಕಣ್ಣು ಮುಚ್ಚಿಸಿದ ಕೈ

ಜಗತ್ತನ್ನು ತಿದ್ದುವುದು ಬಹು ಗಂಭೀರವಾದ ಕಾರ್ಯ. ಅದಕ್ಕೆ ತ್ಯಾಗ, ತಾಳ್ಮೆ, ದೀರ್ಘ ಸಾಧನೆ ಎಲ್ಲವೂ ಬೇಕು. ನನಗೆ ಮಾತ್ರ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಂದು ಸೀಟು ಸಿಕ್ಕರೆ ಸಾಕಾಗುತ್ತಿತ್ತು.

ಕೊರೊನಾ ಮುಗಿದ ಎರಡನೆಯ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು. ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿ ನಾನು ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿದ್ದೆ. ಮೊದಲು ಮಕ್ಕಳನ್ನು ತಿದ್ದುತ್ತಿದ್ದವನಿಗೆ ಈಗ ದೊಡ್ಡವರು ಸಿಕ್ಕಿದ್ದರು, ಅಷ್ಟೇ ವ್ಯತ್ಯಾಸ. ಉಪವಾಸದ ದಿನಗಳಲ್ಲಿ ಸಭೆಯ ಹಿರಿಯರು ಮನೆಮನೆಗೆ ಹೋಗಿ, ಸತ್ಯವೇದದ ಒಂದು ವಾಕ್ಯ ಓದಿ, ಪ್ರಾರ್ಥನೆ ಮಾಡಿ ಬರುವುದು ನಮ್ಮಲ್ಲಿ ರೂಢಿ. ನನ್ನ ಪ್ರಾರ್ಥನೆಗೆ ಹೆಸರಿತ್ತು. ಯಾರಿಗಾದರೂ ಬುದ್ಧಿ ಹೇಳಬೇಕಾದರೆ ನಾನು ಅವರಿಗೆ ಹೇಳುತ್ತಿರಲಿಲ್ಲ. ಅವರೆದುರಿಗೇ ಕುಳಿತು ಗಟ್ಟಿಯಾಗಿ ದೇವರಿಗೆ ಹೇಳುತ್ತಿದ್ದೆ. "ಕರ್ತನೇ, ಈ ಸಹೋದರನ ಗುಟಕಾ ನಿನಗೆ ತಿಳಿದೇ ಇದೆ" ಎಂದರೆ ಸಹೋದರ ಎದುರು ಮಾತಾಡುವಂತಿಲ್ಲ. ಎಲ್ಲರ ಕಣ್ಣೂ ಮುಚ್ಚಿರುತ್ತವೆ, ಆಮೆನ್ ಹೇಳುವ ಅಧಿಕಾರ ನನ್ನ ಕೈಯಲ್ಲಿರುತ್ತದೆ. ಇಷ್ಟು ಅನುಕೂಲದ ವ್ಯವಸ್ಥೆ ಶಿಕ್ಷಣ ಇಲಾಖೆಯಲ್ಲಿಯೂ ಇರಲಿಲ್ಲ.

ಅಕ್ಕಲಕೋಟೆಯ ಶಾಂತವ್ವ ನಮ್ಮ ಸಭೆಯವರೇ. ಅವರು ಫೋನು ಮಾಡಿದರು. "ಮಾಸ್ತರ್ರೀ, ಒಮ್ಮಿ ಬಂದು ಹೋಗ್ರಿ. ನಮ್ಮ ಸೊಸಿಗೆ ಏನೂ ಲಕ್ಷ ಇಲ್ಲ. ಕೂಸು ಒಂದ್ ಕಡಿ, ಆಕಿ ಒಂದ್ ಕಡಿ. ನಾ ಹೇಳಿದ್ರ ಜಗಳಾ ಆಗ್ತದ. ನೀವು ಪ್ರಾರ್ಥನಾದಾಗ ಹೇಳ್ರಿ."

ಬೇಡಿಕೆ ಇಟ್ಟು ಕರೆಸಿಕೊಳ್ಳುವ ಮಟ್ಟಕ್ಕೆ ನನ್ನ ಕೀರ್ತಿ ಹಬ್ಬಿತ್ತು. ಬಸ್ಸು ವಳಸಂಗ ದಾಟುವಷ್ಟರಲ್ಲಿ ಪ್ರಾರ್ಥನೆಯ ಮುಕ್ಕಾಲು ಭಾಗ ಸಿದ್ಧವಾಗಿತ್ತು.

ಮಧ್ಯಾಹ್ನ ನಾಲ್ಕರ ಹೊತ್ತು. ಸೆಕೆಗೆಂದು ಬೀದಿ ಬಾಗಿಲು ತೆರೆದಿದ್ದರು. ಶಾಂತವ್ವ, ಮಗ ಪ್ರಭಾಕರ, ಸೊಸೆ ರತ್ನಾ ಚಾಪೆಯ ಮೇಲೆ ಕುಳಿತರು. ಎರಡೂವರೆ ವರ್ಷದ ಮೊಮ್ಮಗಳು ರೂತಿ ಅಲ್ಲೇ ಸುತ್ತಾಡುತ್ತಿತ್ತು. ನಾನು ಕಣ್ಣು ಮುಚ್ಚಿ ಆರಂಭಿಸಿದೆ. ಸೃಷ್ಟಿಯಿಂದ ಹಿಡಿದು ನಿಧಾನವಾಗಿ ತಾಯಂದಿರ ಕರ್ತವ್ಯದವರೆಗೆ ಬಂದೆ. ಅಲ್ಲಿ ಮಾತು ನಾಟುತ್ತಿದೆಯೋ ಇಲ್ಲವೋ ನೋಡೋಣವೆಂದು, ಮಾಸ್ತರನ ಹಳೆಯ ಚಟ, ಒಂದು ಕಣ್ಣು ತೆರೆದೆ. ರತ್ನಾ ಕಣ್ಣು ತೆರೆದುಕೊಂಡು ಬಾಗಿಲ ಕಡೆ ನೋಡುತ್ತ ಅರ್ಧ ಎದ್ದಿದ್ದಳು. ನಾನು ಪ್ರಾರ್ಥನೆ ನಿಲ್ಲಿಸದೆಯೇ ಅವಳತ್ತ ಕೈ ಚಾಚಿ, ಕೂಡು ಎಂದು ಕೆಳಗೆ ಒತ್ತಿ ತೋರಿಸಿ, ನನ್ನ ರೆಪ್ಪೆ ಮುಟ್ಟಿ ಕಣ್ಣು ಮುಚ್ಚು ಎಂದು ಸನ್ನೆ ಮಾಡಿದೆ. ಅವಳು ಕುಳಿತು ಕಣ್ಣು ಮುಚ್ಚಿದಳು. "ಕರ್ತನೇ, ಕೂಸಿನ ಮೇಲೆ ಕಣ್ಣಿಡುವುದನ್ನು ಈ ಸಹೋದರಿಗೆ ಕಲಿಸು" ಎಂದು ನಾನು ಮುಂದುವರಿಸಿದೆ.

ಆಮೆನ್ ಆದಮೇಲೆ ನೋಡಿದರೆ ಕೂಸು ಇರಲಿಲ್ಲ.

ಮೊದಲು ಮಂಚದ ಕೆಳಗೆ ಹುಡುಕಿದರು. ಆಮೇಲೆ ಬಚ್ಚಲು, ಪಕ್ಕದ ಮನೆ. ಹಿತ್ತಲಿನ ನೀರಿನ ಹೌದಿನ ಮುಚ್ಚಳ ಸ್ವಲ್ಪ ಸರಿದಿತ್ತು. ಪ್ರಭಾಕರ ಭುಜದವರೆಗೆ ಕೈ ಇಳಿಸಿ ತಳ ತಡಕಿದ. ಕೈ ಬರಿದಾಗಿ ಬಂತು. ಓಣಿ ಮುಗಿದರೆ ದೊಡ್ಡ ರಸ್ತೆ; ಅವತ್ತು ಗುರುವಾರವಾದ್ದರಿಂದ ಊರಿನ ಗುಡಿಗೆ ಸ್ವಾಮಿಗಳ ದರ್ಶನಕ್ಕೆ ಬಂದವರ ಗಾಡಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಪ್ರಭಾಕರ ಮೋಟರ್‌ಸೈಕಲ್ ಹತ್ತಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ರತ್ನಾ ಬರಿಗಾಲಲ್ಲಿ ಗುಡಿಯ ಕಡೆ ಓಡಿದಳು. ನಾನು ಊರ ಹೊರಗೆ, ವಾಗದರಿಯ ದಾರಿ ಹಿಡಿದೆ.

ಎಳನೀರು ಮಾರುವವನೊಬ್ಬನನ್ನು ಕೇಳಿದೆ. "ಕೂಸಿನ ಅಂಗಿ ಯಾವ ಬಣ್ಣದ್ದರಿ, ಸಾಯೇಬ್ರ?" ಎಂದ. ನನಗೆ ಗೊತ್ತಿರಲಿಲ್ಲ. ಒಂದು ಗಂಟೆ ಆ ಕೂಸಿನ ಎದುರಿಗೆ ಕುಳಿತಿದ್ದೆ, ಅದರ ತಾಯಿಗೆ ಲಕ್ಷ್ಯದ ಪಾಠ ಹೇಳಿದ್ದೆ. ಅವನು ನನ್ನನ್ನು ಒಂಥರಾ ನೋಡಿ, "ಅಂಗಿ ಬಣ್ಣಾನೂ ನೋಡಿಲ್ಲೇನ್ರಿ?" ಎಂದು ತನ್ನ ಕೆಲಸಕ್ಕೆ ತಿರುಗಿದ.

ನಡೆಯುತ್ತಲೇ ಪ್ರಾರ್ಥಿಸಲು ಹೋದೆ. ಅಭ್ಯಾಸಬಲದಿಂದ "ಕರ್ತನೇ, ಈ ತಾಯಿಯ" ಎಂದೇ ಬಾಯಿಗೆ ಬಂತು. ಅಲ್ಲಿಗೇ ನಿಂತಿತು. ನನ್ನ ಬಗ್ಗೆ ಹೇಳಿಕೊಳ್ಳಲು ನನ್ನಲ್ಲಿ ಒಂದು ವಾಕ್ಯವೂ ತಯಾರಿರಲಿಲ್ಲ. ಹಿಂದಿನಿಂದ ಬರುವ ಪ್ರತಿ ಲಾರಿಯ ಸದ್ದಿಗೂ ನಿಂತು ತಿರುಗಿ ನೋಡುತ್ತಿದ್ದೆ.

ಜೋಳ ಕೊಯ್ದ ಹೊಲವೊಂದರ ಬದುವಿನ ಮೇಲೆ ಒಬ್ಬ ಕುರಿಗಾರ ಹೆಂಗಸು ಕುಳಿತಿದ್ದಳು. ಅವಳ ತೊಡೆಯ ಮೇಲೆ ಕುರಿಮರಿ, ಮರಿಯ ಕೊರಳು ತಬ್ಬಿಕೊಂಡು ರೂತಿ. ಓಣಿಯಲ್ಲಿ ಹಾದುಹೋದ ಹಿಂಡಿನ ಬೆನ್ನು ಹತ್ತಿ ಅಷ್ಟು ದೂರ ಬಂದಿತ್ತು.

"ಕೂಸು ನಮ್ಮದವ್ವಾ, ಕೊಡು" ಎಂದೆ.

"ತಡೀರಿ ಯಜ್ಜಾ. ಹೆಸರೇನ ಇದರದು?"

"ರೂತಿ."

ಅವಳು ಕೂಸಿನ ಮುಖ ಎತ್ತಿದಳು. "ಈ ಅಜ್ಜನ ಗುರ್ತ ಅದ ಏನ ನಿನಗ?" ರೂತಿ ನನ್ನನ್ನು ಸಾವಕಾಶ ನೋಡಿ, ಇಲ್ಲವೆಂದು ತಲೆ ಅಲ್ಲಾಡಿಸಿ, ಅವಳ ಸೆರಗಿನಲ್ಲಿ ಮುಖ ಹುದುಗಿಸಿತು.

"ಹಂಗಾರ ಕೊಡಂಗಿಲ್ಲ. ಇದರವ್ವನ ಕರಸ್ರಿ."

"ನಾನು ಸಭೆಯ ಹಿರಿಯ, ರಿಟೈರ್ಡ್ ಮಾಸ್ತರ" ಎಂದೆ.

"ಯಾರರ ಇರ್ರಿ. ನಮ್ಮಾಂವ ಕುರಿ ಹೊಡ್ಕೊಂಡು ಮುಂದ ಹೋಗ್ಯಾನ. ಇದನ್ನ ಬಿಟ್ಟು ಹೋದ್ರ ಗಾಡಿಗೆ ಸಿಗ್ತದಂತ ನಾ ಕುಂತೀನಿ. ಕತ್ತಲಾದ್ರೂ ಕೂಡ್ತೀನಿ."

ಫೋನು ಮಾಡಿದೆ. ಪ್ರಭಾಕರ ರತ್ನಾಳನ್ನು ಕೂರಿಸಿಕೊಂಡು ಬಂದ. ಗಾಡಿ ನಿಲ್ಲುವ ಮೊದಲೇ ಅವಳು ಜಿಗಿದಳು. ಕೂಸು ಮರಿಯನ್ನು ಬಿಟ್ಟು ಓಡಿತು. ಕುರಿಗಾರ ಹೆಂಗಸು "ಅಳಬ್ಯಾಡ ನಮ್ಮವ್ವಾ, ಸಿಕ್ಕದಲ್ಲ" ಎಂದು ತನ್ನ ಬಾಟಲಿಯ ನೀರು ಕೊಟ್ಟಳು. ಒಂದೇ ಒಂದು ಬುದ್ಧಿಮಾತು ಹೇಳಲಿಲ್ಲ. ಕೂಸಿನ ಹಣೆಯ ಮೇಲೆ ಅರಿಶಿನದ ಭಂಡಾರವಿತ್ತು. "ಅಂಜಬಾರದಂತ ನಮ್ಮ ದೇವರು ಬಿರೋಬಾನ ಹೆಸರಲೆ ಹಚ್ಚೀನ್ರಿ" ಎಂದಳು. ಬೇರೆ ದಿನವಾಗಿದ್ದರೆ ನನ್ನಲ್ಲಿ ಅದಕ್ಕೊಂದು ಉಪದೇಶವಿರುತ್ತಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು. "ನೋಡಿದ್ರಿ? ಮಾಸ್ತರು ಅದನ್ನ ಹೇಳಾಕತ್ತಿದ್ರು, ಅದ ಆತು. ದೇವರ ತೋರಿಸ್ಯಾನ" ಎಂದರು ಶಾಂತವ್ವ. "ನಾಳಿ ನಿಮ್ಮವ್ವನ ಮನಿಗಿ ನಂದೇಶ್ವರಕ್ಕ ನಡಿ ನೀ. ಕೂಸು ಇಲ್ಲೇ ಇರಲಿ" ಎಂದು ಪ್ರಭಾಕರ ಹೆಂಡತಿಗೆ ಹೇಳಿದ. ರತ್ನಾ ಒಮ್ಮೆ ನನ್ನ ಮುಖ ನೋಡಿದಳು, ತಲೆ ತಗ್ಗಿಸಿದಳು. ಸನ್ನೆ ಮಾಡಿದ್ದು ನಮ್ಮಿಬ್ಬರಿಗೇ ಗೊತ್ತು. ಅವಳು ಹೇಳಲಿಲ್ಲ. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹೊರಡುವ ಬಸ್ಸಿನ ವೇಳೆ ನೋಡುವವನ ಹಾಗೆ ಗಡಿಯಾರವನ್ನೂ ನೋಡಿದೆ. ಕೂಸು ಕಳೆದದ್ದಕ್ಕಿಂತ ಆ ಸ್ವಲ್ಪ ಹೊತ್ತು ನನಗೆ ಇವತ್ತಿಗೂ ಹೆಚ್ಚು ಚುಚ್ಚುತ್ತದೆ.

ಕೊನೆಗೆ ಹೇಳಿದೆ. "ಆಕಿ ಎದ್ದಿದ್ದಳು. ನಾನ ಕೂಡ್ಸಿದೆ. ತಪ್ಪು ನಂದು."

ಶಾಂತವ್ವ ಕೈ ಜೋಡಿಸಿದರು. "ಎಂಥಾ ದೊಡ್ಡ ಮನಸರಿ ನಿಮ್ದು! ಮಂದಿ ತಪ್ಪು ಮೈಮ್ಯಾಲ ಹಾಕ್ಕೋತೀರಿ."

ದೀನನಾಗಲು ಹೋದರೆ ಅದರಲ್ಲಿಯೂ ನನಗೆ ಬಡ್ತಿ! ಗಾಬರಿಯಾಯಿತು. ಒಂದು ಕಣ್ಣು ತೆರೆದದ್ದು, ಕೈ ಒತ್ತಿದ್ದು, ರೆಪ್ಪೆ ಮುಟ್ಟಿದ್ದು, ಎಲ್ಲವನ್ನೂ ನಾಟಕದವನ ಹಾಗೆ ಮತ್ತೆ ಮಾಡಿ ತೋರಿಸಿದೆ. ಪ್ರಭಾಕರ ಹೆಂಡತಿಯ ಕಡೆ ತಿರುಗಿ "ಖರೇನ?" ಎಂದ. "ಹೂಂ" ಎಂದಳು. "ಮತ್ತ ಮೊದಲ ಯಾಕ ಹೇಳಲಿಲ್ಲ?" "ಮಾಸ್ತರ ಮುಂದ ಹೆಂಗ ಹೇಳ್ಲಿ?"

ಶಾಂತವ್ವನವರಿಗೂ ಎರಡು ಮಾತು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ನುಂಗಿದೆ. ಅದು ಬಹಳ ಕಷ್ಟದ ಕೆಲಸ. "ತಂಗಿ, ಕ್ಷಮಿಸವ್ವಾ" ಎಂದು ರತ್ನಾಳಿಗೆ ಹೇಳಿದೆ. ಅವಳು ಇರಲಿ ಬಿಡ್ರಿ ಎನ್ನಲಿಲ್ಲ. ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅದು ನ್ಯಾಯವೇ ಆಗಿತ್ತು.

ಭಾನುವಾರ ಸಭೆಯ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ರತ್ನಾ ನಂದೇಶ್ವರಕ್ಕೆ ಹೋಗಲಿಲ್ಲ. ಮನೆಭೇಟಿಗೆ ಈಗ ನನ್ನ ಜೊತೆ ಇನ್ನೊಬ್ಬ ಹಿರಿಯರನ್ನು ಕಳುಹಿಸುತ್ತಾರೆ. ಪ್ರಾರ್ಥನೆ ಅವರು ಮಾಡುತ್ತಾರೆ.