ಒತ್ತಾಯದ ಹೋಳಿಗೆ

ವಿಜ್ಞಾನಕ್ಕೆ ನಿನ್ನ ಕೊಡುಗೆ ಏನು ಅಂತ ಯಾರಾದರೂ ಕೇಳಿದರೆ ಈಗ ನನ್ನ ಹತ್ತಿರ ಉತ್ತರ ಇದೆ. ಮೂರು ಹೋಳಿಗೆ.

ನಾನು ತಿಂದದ್ದಲ್ಲ, ಬಡಿಸಿದ್ದು. ಅದರಿಂದಾಗಿ ನನ್ನ ತಂಗಿಯ ಮಗಳು ಡಾಕ್ಟರ್ ವಾಣಿ ದೊಡ್ಡ ದೊಡ್ಡವರ ಸಭೆಯಲ್ಲಿ ನಗೆಪಾಟಲಾಗುವುದರಲ್ಲಿದ್ದಳು.

ವಾಣಿ ಸಕ್ಕರೆ ಕಾಯಿಲೆಯ ಸಂಶೋಧಕಿ. ಎಂ.ಡಿ. ಮುಗಿಸಿ ಕ್ಲಿನಿಕ್ ಹಾಕದೆ ಲ್ಯಾಬ್ ಸೇರಿದಾಗ ನೆಂಟರಿಗೆಲ್ಲ ನಿರಾಸೆ. "ಡಾಕ್ಟ್ರಾಗ್ತು ಹೇಳಿ ಓದ್ಸಿದ್ದು, ಈಗ ಇಲಿಗೆ ಮದ್ದು ಕೊಡ್ತಡ" ಅಂತ ಪಿಸುಗುಟ್ಟಿದರು. (ನಾನೂ ಪಿಸುಗುಟ್ಟಿದೆ. ಬಿ.ಪಿ. ನೋಡಲು ಮನೆಯಲ್ಲೇ ಒಬ್ಬಳು ಸಿಕ್ಕಳು ಅಂದುಕೊಂಡಿದ್ದವನು ನಾನು.) ಹತ್ತು ವರ್ಷ ಇಲಿಗಳ ಸಕ್ಕರೆ ನೋಡಿದ ಮೇಲೆ ಅವಳು ಮನುಷ್ಯರ ಕಡೆ ತಿರುಗಿದಳು. ಆರಿಸಿಕೊಂಡದ್ದು ನಮ್ಮದೇ ಶಿರಸಿ, ಸಿದ್ದಾಪುರ, ಯಲ್ಲಾಪುರ.

ತೋಳಿಗೆ ಬಿಲ್ಲೆಯಂಥ ಸೆನ್ಸರ್ ಅಂಟಿಸುತ್ತಾರೆ. ಅದು ಎರಡು ವಾರ ಬಿಡುವಿಲ್ಲದೆ ಸಕ್ಕರೆ ಅಳೆಯುತ್ತದೆ. ಜೊತೆಗೊಂದು ನೋಟ್‌ಬುಕ್. ತಿಂದದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಇಷ್ಟೇ ಕೆಲಸ.

ಕಳೆದ ತಿಂಗಳು ನಮ್ಮ ಮನೆಗೆ ಬಂದವಳು ಕಾಫಿಗೂ ಕಾಯದೆ ಲ್ಯಾಪ್‌ಟಾಪ್ ತೆರೆದಳು.

"ಮಾವಾ, ಇಲ್ಲಿ ನೋಡು. ಒಂದೇ ಒಂದು ಹೋಳ್ಗೆ ತಿಂದಿದ್ದಕ್ಕೆ ಸಕ್ಕರೆ ಎಲ್ಲಿಗೆ ಏರಿದ್ದು! ಸುಮಾರು ಜನರದ್ದು ಹೀಂಗೇ ಇದ್ದು. ನಮ್ಮ ಕಡೆಯವರ ದೇಹದಲ್ಲೇ ಎಂತೋ ಬೇರೆ ಇದ್ದು. ಮುಂದಿನ ವಾರದ ಸಭೆಲಿ ಆನು ಇದನ್ನೇ ಹೇಳ್ತೆ."

ಹೆಸರು ಮುಚ್ಚಿದ್ದಳು. ನಿಯಮವಂತೆ. ಆದರೆ ತಾರೀಕು ಕಾಣುತ್ತಿತ್ತು, ಹೊತ್ತೂ ಕಾಣುತ್ತಿತ್ತು. ಆ ಮಧ್ಯಾಹ್ನ ತ್ಯಾಗಲಿ ಊರಿನ ಉಪನಯನದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದವನು ಯಾರು? ನಾನೇ. ತೋಳಿಗೆ ಬಿಲ್ಲೆ ಅಂಟಿಸಿಕೊಂಡು ಕೂತಿದ್ದವಳು ಒಬ್ಬಳೇ, ನನ್ನ ದೊಡ್ಡಪ್ಪನ ಮಗಳು ಸರಸ್ವತಕ್ಕ.

ನಮ್ಮಲ್ಲಿ ಹೋಳಿಗೆ ಬಡಿಸುವುದೆಂದರೆ ಕುಸ್ತಿ. ಉಣ್ಣುವವರು ಬಾಳೆಲೆಗೆ ಎರಡೂ ಕೈ ಅಡ್ಡ ಹಿಡಿದು "ಹಾಕಡಾ, ಹಾಕಡಾ" ಅಂತ ಬೇಡವೆನ್ನಬೇಕು. ಬಡಿಸುವವನು ಕೈಗಳ ಸಂದಿ ನೋಡಿ ಬೀಳಿಸಬೇಕು. ಬಿದ್ದದ್ದನ್ನು ಬಿಟ್ಟೇಳುವಂತಿಲ್ಲ. ಈ ವಿದ್ಯೆಯಲ್ಲಿ ನಾನು ಮೂರು ತಾಲೂಕಿಗೆ ಹೆಸರುವಾಸಿ. (ಇದನ್ನು ಬೇರೆಯವರು ಹೇಳಿದ್ದು. ನಾನು ಅಲ್ಲಗಳೆದಿಲ್ಲ, ಅಷ್ಟೆ.)

ಬಾಯಿ ಬಿಡಲೋ ಬೇಡವೋ? ಬಿಟ್ಟರೆ ನನ್ನ ಮಾನ ಹೋಗುತ್ತದೆ. ಬಿಡದಿದ್ದರೆ ಅವಳು ಇಷ್ಟು ವರ್ಷ ದುಡಿದು ಗಳಿಸಿದ ಹೆಸರು ಹೋಗುತ್ತದೆ. ಬಿಟ್ಟೆ.

ಮರುದಿನ ಬೆಳಿಗ್ಗೆ ಇಬ್ಬರೂ ತ್ಯಾಗಲಿಯಲ್ಲಿ, ಸರಸ್ವತಕ್ಕನ ಮನೆಯಲ್ಲಿ.

"ದೊಡ್ಡಮ್ಮಾ, ಅವತ್ತು ಎಷ್ಟು ಹೋಳ್ಗೆ ತಿಂದೆ?"

"ಬುಕ್ಕಲ್ಲಿ ಇದ್ದಲ್ದ ತಂಗೀ. ಒಂದೇಯ."

"ಮಾವ ಮತ್ತೆ ಮೂರು ಹಾಕಿದ್ನಡ?"

"ಹಾಕಿದ್ದ. ಅದು ಆನು ತಿಂದಿದ್ದಲ್ದ. ಅವ ಹಾಕಿದ್ದು."

"ಬಾಯಿಗೆ ಹಾಕಿದ್ದು ಯಾರು?"

"ಬಾಯಿಗೆ ಆನೇಯ. ಮತ್ತೆ ಬಾಳೆಲಿ ಬಿಡ್ಲಾಗ್ತ? ನಿನ್ನ ಬುಕ್ಕಲ್ಲಿ 'ನೀವು ತಿಂದಿದ್ದು' ಹೇಳಿ ಇದ್ದು. 'ತಮ್ಮ ತಿನ್ಸಿದ್ದು' ಹೇಳಿ ಎಲ್ಲಿದ್ದು ಮಾರಾಯ್ತಿ?"

ಎಂ.ಡಿ., ಪಿಎಚ್.ಡಿ. ಎರಡೂ ತಲೆ ಮೇಲೆ ಕೈಹೊತ್ತು ಕೂತವು. "ಇಲಿಗಳು ಒಂದಿನವೂ ಹೀಂಗೆ ಮಾಡಿದ್ದಿಲ್ಲೆ" ಅಂತ ವಾಣಿ ಗೊಣಗಿದಳು. ಉಳಿದವರನ್ನು ಕೇಳಿದರೂ ಇದೇ ಕತೆ. ಒತ್ತಾಯಕ್ಕೆ ತಿಂದದ್ದನ್ನು ಯಾರೂ ಬರೆದಿರಲಿಲ್ಲ. ಸುಳ್ಳು ಹೇಳಿದ್ದಲ್ಲ, ಅದು ತಮ್ಮ ಪಾಲಿನದು ಅಂತಲೇ ಯಾರಿಗೂ ಅನಿಸಿರಲಿಲ್ಲ.

ಹೊರಡುವಾಗ ವಾಣಿ ಅಕ್ಕನ ಪಾದ ನೋಡಿದಳು. ಹಿಮ್ಮಡಿಯಲ್ಲಿ ಮುಳ್ಳು. ಸುತ್ತ ಕೆಂಪಾಗಿತ್ತು.

"ಯಾವಾಗ ಚುಚ್ಚಿದ್ದು ದೊಡ್ಡಮ್ಮಾ?"

"ಎಲ್ಲಿ? ಯಂಗೆ ಗೊತ್ತೇ ಆಜಿಲ್ಲೆ!"

ಮುಳ್ಳು ತೆಗೆಯುವಾಗಲೂ ಅಕ್ಕ ನಗುತ್ತ ನನ್ನನ್ನೇ ಗೇಲಿ ಮಾಡುತ್ತಿದ್ದಳು. ಕಾರಿನಲ್ಲಿ ವಾಣಿ ಮೆಲ್ಲಗೆ ಹೇಳಿದಳು, "ಈ ಕಾಯಿಲೆ ಮೊದ್ಲು ನೋವನ್ನ ತೆಗೀತು ಮಾವ. ಆಮೇಲೆ ಬೆರಳು."

ಶಿರಸಿ ಬರುವವರೆಗೆ ನಾನು ಅಕ್ಕನಿಗೆ ಇದುವರೆಗೆ ಬಡಿಸಿದ ಹೋಳಿಗೆಗಳ ಲೆಕ್ಕ ಹಾಕಿದೆ.

ಸಭೆಯಲ್ಲಿ ವಾಣಿ ಹೊಸ ಶೋಧದ ಸುದ್ದಿ ಎತ್ತಲಿಲ್ಲ. ನೋಟ್‌ಬುಕ್ಕಿಗೆ ಮಾತ್ರ ಹೊಸ ಸಾಲೊಂದು ಸೇರಿತು: 'ಒತ್ತಾಯಕ್ಕೆ ತಿಂದದ್ದು'. ಸರಸ್ವತಕ್ಕನ ತೋಳಿಗೆ ಹೊಸ ಬಿಲ್ಲೆ.

ಕಳೆದ ವಾರ ಯಲ್ಲಾಪುರದಲ್ಲೊಂದು ಮದುವೆ ಊಟ. ಹೋಳಿಗೆ ನನ್ನ ಕೈಯಲ್ಲಿ. ಒಂದು ಹಾಕಿದ್ದೆ. ಎರಡನೇ ಸುತ್ತಿಗೆ ಸರಸ್ವತಕ್ಕ ಕೈ ಅಡ್ಡ ಹಿಡಿದು "ಹಾಕಡಾ" ಅಂದಳು. ನಾನು "ಆತು ಅಕ್ಕಾ" ಅಂದು ಮುಂದಕ್ಕೆ ನಡೆದೆ. ಇಡೀ ಪಂಕ್ತಿ ಕತ್ತೆತ್ತಿ ನೋಡಿತು. ಕೈ ತೊಳೆಯುವಲ್ಲಿ ಎದುರಾದಾಗ ಅಕ್ಕ ಮುಖ ತಿರುಗಿಸಿದಳು.

ನಿನ್ನೆ ವಾಣಿಯ ಫೋನ್. "ದೊಡ್ಡಮ್ಮ ಬುಕ್ಕಲ್ಲಿ ಬರದ್ದು. ನಿಂಗೆ ಓದಿ ಹೇಳಲೆ ಹೇಳಿದ್ದು, ಕೇಳು."

ಒತ್ತಾಯ: ಇಲ್ಲ. ತಮ್ಮ ನಾಲ್ಕು ಜನರ ಎದುರು ಮರ್ಯಾದೆ ತೆಗೆದ. ಆ ಸಿಟ್ಟಿಗೆ ಬೇರೆಯವರ ಹತ್ತಿರ ಇನ್ನೊಂದು ಕೇಳಿ ಹಾಕಿಸಿಕೊಂಡೆ.

ವಾಣಿ ಹಿರಿಹಿರಿ ಹಿಗ್ಗಿದ್ದಾಳೆ. ನಾಲ್ಕಿದ್ದದ್ದು ಎರಡಕ್ಕೆ ಇಳಿಯಿತು, ಅದೂ ನಿಜ ಬರೆದು! ಸರಿ, ಓದಿದವಳು ಅವಳು. ಆದರೆ ಹೋಳಿಗೆ ಹಾಕದೆ ಅಕ್ಕನಿಗೆ 'ನೀನು ನಂಗೆ ಬೇಕು' ಅಂತ ತಿಳಿಸುವುದು ಹೇಗೆ, ಅದನ್ನು ಯಾವ ಲ್ಯಾಬಿನವರು ಕಂಡುಹಿಡಿಯುತ್ತಾರೆ?