ಹತ್ತು ನಿಮಿಷ ಸುಮ್ಮನಾದ ಮುಶಿಗೇರಿ

"1858ರಲ್ಲಿ ನಿಮ್ಮೂರಲ್ಲಿ ಟ್ರ್ಯಾಕ್ಟರ್ ಇತ್ತೇ?"

ಪೋಲೆಂಡಿನ ಫಿಲ್ಮ್ ಸ್ಕೂಲಿನಲ್ಲಿ ನಮಗೆ ಸೌಂಡ್ ಕಲಿಸುವ ಹಾನ್ನಾ ಮೇಡಂ ಹೆಡ್‌ಫೋನ್ ತೆಗೆದಿಟ್ಟು ಹೀಗೆ ಕೇಳಿದಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಲವತ್ತೆರಡನೇ ವಯಸ್ಸಿನಲ್ಲಿ ಗಂಡ, ಮಗಳನ್ನು ಹುಬ್ಬಳ್ಳಿಯಲ್ಲಿ ಬಿಟ್ಟು ನಾನು ಸಿನಿಮಾ ಕಲಿಯಲು ಹೊರಟ ಕಥೆಯನ್ನು ಈ ಅಂಕಣದಲ್ಲೇ ಓದಿದ್ದೀರಿ. (ಬೈದು ಪತ್ರ ಬರೆದವರಿಗೂ ಥ್ಯಾಂಕ್ಸ್.) ಈಗ ಕೋರ್ಸಿನ ಕೊನೆಯ ಪರೀಕ್ಷೆ, ಏಳು ನಿಮಿಷದ ಸಿನಿಮಾ. ಪಾಸಾದರೆ ಡಿಪ್ಲೊಮಾ. ಇಲ್ಲದಿದ್ದರೆ ಬರಿಗೈಯಲ್ಲಿ ವಿಮಾನ ಹತ್ತಬೇಕು.

ನನ್ನ ಕಥೆ ಇಷ್ಟೇ. 1858. ನರಗುಂದಕ್ಕೆ ಇಂಗ್ಲಿಷರ ಪಡೆ ನುಗ್ಗಿದೆ. ಕೋಟೆ ಕಾಯಲು ಹೋದ ಗಂಡ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ನಮ್ಮೂರು ಮುಶಿಗೇರಿಯ ಮನೆಯಲ್ಲಿ ಹೆಂಡತಿ ಜೋಳ ಬೀಸುತ್ತಾ, ಕಿವಿಯನ್ನೆಲ್ಲ ಬಾಗಿಲ ಕಡೆ ಇಟ್ಟು ಕೂತಿದ್ದಾಳೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಬೀಸುಕಲ್ಲಿನ ಸದ್ದು, ಅದರ ಹಿಂದೆ ಊರಿನ ಮೌನ.

ಶೂಟಿಂಗ್ ಸಲೀಸಾಗಿ ಮುಗಿಯಿತು. ಸ್ಟುಡಿಯೋದಲ್ಲಿ ಮಣ್ಣಿನ ಗೋಡೆ ಎಬ್ಬಿಸಿದೆವು. ಜೊತೆಗೆ ಓದುವ ಬಂಗಾಳಿ ಹುಡುಗಿ ಇಳಕಲ್ ಸೀರೆ ಉಟ್ಟು ಪ್ಲಾಸ್ಟರಿನ ಬೀಸುಕಲ್ಲು ತಿರುಗಿಸಿದಳು. ಸದ್ದಿಗೇನು ಮಾಡುವುದು? ಕ್ಲಾಸ್‌ಮೇಟ್‌ಗಳು ಕಾಫಿಬೀಜ ಪುಡಿ ಮಾಡುವ ಕೈಯಂತ್ರ ತಂದರು. ಜೋಳಕ್ಕೂ ಕಾಫಿಗೂ ವ್ಯತ್ಯಾಸ ಗೊತ್ತಾಗದೇ ಇರಲು ನಾನೇನು ರೊಟ್ಟಿ ತಿನ್ನದೇ ಬೆಳೆದವಳೇ?

ಮುಶಿಗೇರಿಯಲ್ಲಿರುವ ನಮ್ಮಪ್ಪನ ಅಕ್ಕ ನೀಲಮ್ಮತ್ತೆಯ ಮನೆಯಲ್ಲಿ ಬೀಸುಕಲ್ಲು ಇನ್ನೂ ಇದೆ. ಅವರ ಸೊಸೆ ಶೋಭಾ, ಶಾಲೆಯ ಟೀಚರು, ರೆಕಾರ್ಡ್ ಮಾಡಿ ಕಳಿಸಿದಳು. ಬೀಸುಕಲ್ಲಿನ ಸದ್ದು ಅಪ್ಪಟ ಬಂಗಾರ. ಹಿಂದೆ ಮಾತ್ರ ಟ್ರ್ಯಾಕ್ಟರು, ಅದರ ಸ್ಪೀಕರಿನ ಹಾಡು, ಹಿಟ್ಟಿನ ಗಿರಣಿ, ಗಜೇಂದ್ರಗಡದ ಬಸ್ಸಿನ ಹಾರ್ನು! (ರಾತ್ರಿ ಮಾಡಬಹುದಿತ್ತಲ್ಲ ಅನ್ನಬೇಡಿ. ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದೇ ರಾತ್ರಿ, ಪಂಪ್‌ಸೆಟ್‌ಗಳ ಕಛೇರಿ ಬೆಳಗಿನತನಕ.)

ಸಾಫ್ಟ್‌ವೇರ್ ಹಾಕಿ ಕ್ಲೀನ್ ಮಾಡುತ್ತೇನೆ ಎಂದೆ. "ಮಾಡು, ಗದ್ದಲದ ಜೊತೆ ಊರಿನ ಮೌನವೂ ಸಾಯುತ್ತದೆ" ಎಂದರು ಮೇಡಂ. ಸೋಮವಾರದೊಳಗೆ ಸರಿಯಾದ ಸದ್ದು ಬರದಿದ್ದರೆ ನನ್ನ ಸಿನಿಮಾ ಪರದೆಗೇ ಹೋಗುವುದಿಲ್ಲವಂತೆ.

ನೀಲಮ್ಮತ್ತೆಗೆ ಫೋನ್ ಹಚ್ಚಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಗಳಗಳ ಕಣ್ಣೀರು ಸುರಿಸಿದೆ.

"ಅಳಬ್ಯಾಡವಾ. ಎಷ್ಟೊತ್ತು ಬೇಕು ನಿನಗ?"

"ಹತ್ತ ನಿಮಿಷ ಅತ್ತಿ. ಆದ್ರ ಒಂದ ಎಂಜಿನ್ನೂ ಕೇಳಸಬಾರದು."

"ಇಷ್ಟ ಹೌದಿಲ್ಲೊ? ನಾಳೆ ಹನ್ನೊಂದಕ್ಕ ಊರ ಬಾಯಿ ಮುಚ್ಚಸ್ತೀನಿ ತಗೋ."

ಹಾಡಹಗಲು ಹನ್ನೊಂದು ಗಂಟೆಗೆ! ಅತ್ತೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ.

ಮುಂದಿನದು ಶೋಭಾ ಹೇಳಿದ್ದು. ಬೆಳಿಗ್ಗೆಯೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟರು. ಗಿರಣಿ ಬಂದ್ ಮಾಡಿಸಿದರು. ಟ್ರ್ಯಾಕ್ಟರಿನವರ ಚಾವಿ ಇಸಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಂದ ಬಸ್ಸನ್ನು ಊರ ಹೊರಗೇ ತಡೆದರು.

"ಅಮ್ಮಾರ, ಟೈಮ್ ಆಗೇತ್ರಿ, ಬಿಡ್ರಿ" ಎಂದ ಕಂಡಕ್ಟರ್.

"ನಮ್ಮ ಹುಡುಗಿದು ಪರೀಕ್ಷಾ ಐತೋ ತಮ್ಮಾ. ಸುಮ್ನ ಕುಂಡ್ರು. ಸೀಟಿನೂ ಊದಬ್ಯಾಡ!"

ಡ್ರೈವರ್ ಎಂಜಿನ್ ಆಫ್ ಮಾಡಿದ. ಪ್ರಯಾಣಿಕರು ಉಸಿರು ಬಿಗಿಹಿಡಿದು ಕೂತರು. ಅತ್ತೆ ಮನೆಗೆ ಬಂದು ಜೋಳ ಬೀಸತೊಡಗಿದರು.

ನಾವು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಮಗಳ ಪರೀಕ್ಷೆಗೆಂದು ಮೇಲಿನ ಮನೆಯವರ ಡ್ರಿಲ್ಲಿಂಗ್ ನಿಲ್ಲಿಸಲಾಗದೆ ಕೈಚೆಲ್ಲಿದವರು. ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದದ್ದೇ ಬಂತು. ಯಾರಾದರೂ ಮೇಲೆ ಹೋಗಿ ಬಾಗಿಲು ಬಡಿದೆವೇ? ಇಲ್ಲ.

ಶೋಭಾ ಕಳಿಸಿದ್ದನ್ನು ಕೇಳಿದೆ. ಕಲ್ಲು ತಿರುಗುವ ಸದ್ದು, ದೂರದಲ್ಲೊಂದು ಎಮ್ಮೆ, ಮತ್ತೆ ಮೌನ. ಆಹಾ! ಒಂಬತ್ತನೇ ನಿಮಿಷದಲ್ಲಿ ಬಾಗಿಲಾಚೆ ಯಾರೋ ಕೆಮ್ಮಿಬಿಟ್ಟರು. ಪಕ್ಕದ ಮನೆಯ ದ್ಯಾವಪ್ಪ.

ಅದನ್ನು ಕತ್ತರಿಸಲು ಹೊರಟಾಗ ಹಾನ್ನಾ ಮೇಡಂ ನನ್ನ ಕೈ ಹಿಡಿದರು. ಕೊನೆಯ ಶಾಟಿನಲ್ಲಿ ಹೆಂಡತಿಯ ಕೈ ಫಕ್ಕನೆ ನಿಲ್ಲುತ್ತದೆಯಲ್ಲ, ಆ ಕೆಮ್ಮನ್ನು ಅಲ್ಲಿಡು ಎಂದರು. ಇಟ್ಟೆ. ಬಾಗಿಲಾಚೆ ಗಂಡಸಿನ ಕೆಮ್ಮು. ಗಂಡ ಬಂದ!

ಸಿನಿಮಾ ತೋರಿಸಿದ ದಿನ ಹಾಲ್ ತುಂಬ ಜನ. ಕೆಮ್ಮು ಕೇಳಿದ್ದೇ ತಡ, ಎದ್ದು ನಿಂತು ಚಪ್ಪಾಳೆ. ಡಿಪ್ಲೊಮಾ ಬಂತು, ಜೊತೆಗೆ ಸೌಂಡಿಗೆ ಮೊದಲ ಬಹುಮಾನ. ಪರದೆಯ ಮೇಲೆ "ಧ್ವನಿ: ಮುಶಿಗೇರಿ ಗ್ರಾಮಸ್ಥರು" ಎಂದು ಕನ್ನಡದಲ್ಲೇ ಮೂಡಿದಾಗ ನಾನು ಕುಣಿಯುವುದೊಂದು ಬಾಕಿ.

"ಕೆಮ್ಮಿದ್ದಕ್ಕ ದ್ಯಾವಪ್ಪಗ ಬಾಯಿಗೆ ಬಂದಂಗ ಬೈದಿದ್ನೆಲ್ಲವಾ!" ಎಂದರು ಅತ್ತೆ ಫೋನಿನಲ್ಲಿ. "ಇವತ್ತ ಅವನ ಮನಿಗೆ ಹೋಳಿಗಿ ಕಳಸ್ತೀನಿ."

ಕ್ಲಾಸ್‌ಮೇಟ್‌ಗಳು ಸುತ್ತ ಮುತ್ತಿಕೊಂಡರು. ಇಲ್ಲಿ ರಸ್ತೆಯಲ್ಲಿ ಕ್ಯಾಮೆರಾ ನಿಲ್ಲಿಸಬೇಕೆಂದರೂ ಮೂರು ಆಫೀಸು ಸುತ್ತಬೇಕು. ಇಡೀ ಊರನ್ನು, ಸರ್ಕಾರಿ ಬಸ್ಸನ್ನು ನಿಲ್ಲಿಸಲು ನಿಮ್ಮತ್ತೆಗೆ ಪರ್ಮಿಶನ್ ಕೊಟ್ಟವರು ಯಾರು ಎಂದು ಕೇಳಿದರು.

ನಮ್ಮತ್ತೆಗೆ ಪರ್ಮಿಶನ್ ಕೊಡುವವರು ಇನ್ನೂ ಹುಟ್ಟಬೇಕು, ಎಂದೆ.