ಮುಂಗಡ ಅಭಿನಂದನೆ

ರೋಮಾರ್ಲಿನ್ ಕೆಲಸ ಕೇಳಿಕೊಂಡು ನನ್ನ ಅಂಗಡಿಗೆ ಬಂದ ದಿನ ಕೈಯಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಅಚ್ಚಿನ ಅರ್ಜಿ ಹಿಡಿದಿದ್ದಳು. 'ಬಯಸುವ ಹುದ್ದೆ' ಎಂಬ ಜಾಗದಲ್ಲಿ ನಮ್ಮ ಪೊಲಾಂಗಿ ಊರಿನ ಹುಡುಗರೆಲ್ಲ 'ಯಾವುದಾದರೂ' ಎಂದು ಬರೆಯುತ್ತಾರೆ. ಇವಳು 'ಮಕ್ಕಳ ಪುಸ್ತಕದ ಚಿತ್ರಗಾರ್ತಿ' ಎಂದು ಬರೆದಿದ್ದಳು. ನಾನು ಕನ್ನಡಕದ ಮೇಲಿಂದ ನೋಡಿ, ಇದು ಟಾರ್ಪಾಲಿನ್ ಬ್ಯಾನರ್ ಅಂಗಡಿ ಮಗಳೇ, ಪುಸ್ತಕದ ಅಂಗಡಿ ಅಲ್ಲ ಎಂದೆ. ಗೊತ್ತು ಮನಾಯ್ ಎಂದಳು. ಮನಾಯ್ ಅಂದರೆ ನಮ್ಮಲ್ಲಿ ಅಕ್ಕ. ಐವತ್ತೆಂಟಾದರೂ ಈ ಊರಿಗೆಲ್ಲ ನಾನು ಮನಾಯ್ ಪುರಿಂಗ್. ಹವ್ಯಾಸಗಳ ಸಾಲಿನಲ್ಲಿ ಮೂರು ಇದ್ದವು: ಚಿತ್ರ ಬಿಡಿಸುವುದು, ಅಪ್ಪ ಬಾಡಿಗೆಗೆ ಓಡಿಸುವ ಮೂರು ಗಾಲಿಯ ಟ್ರೈಸಿಕಲ್ಲಿನಲ್ಲಿ ಸುಮ್ಮನೆ ಸುತ್ತುವುದು, ಹಳೆಯ ಕ್ಯಾಲೆಂಡರ್ ಕೂಡಿಡುವುದು. ಕ್ಯಾಲೆಂಡರ್ ಯಾಕೆ ಎಂದು ಕೇಳಿದ್ದಕ್ಕೆ, ಅದರ ಹಿಂಬದಿ ಪೂರ್ತಿ ಬಿಳಿಯಾಗಿರುತ್ತದೆ, ಕಾಗದವೂ ದಪ್ಪ ಎಂದಳು. ಅದಕ್ಕೇ ಕೆಲಸ ಕೊಟ್ಟೆ.

ಅಪ್ಪ ರೊಮೆಲ್, ಅಮ್ಮ ಅರ್ಲೀನ್, ಎರಡನ್ನೂ ಕಲಸಿ ಮಗಳಿಗೆ ರೋಮಾರ್ಲಿನ್ ಎಂದು ಇಟ್ಟಿದ್ದರು. ಕರೆಯುವುದಕ್ಕೆ ಲೆಂಗ್. ಇಪ್ಪತ್ತು ವರ್ಷಕ್ಕೆ ಬಂದವಳು ಮೂರು ವರ್ಷ ನನ್ನ ಕಂಪ್ಯೂಟರಿನ ಮುಂದೆ ಕೂತು ಊರಿನವರ ಸುಖದುಃಖವನ್ನೆಲ್ಲ ಬ್ಯಾನರಿಗೆ ಇಳಿಸಿದಳು. ನಮ್ಮ ಊರಿನಲ್ಲಿ ಟಾರ್ಪಾಲಿನ್ ಮೇಲೆ ಬಂದು ಗೇಟಿಗೆ ನೇತುಬೀಳುವವರೆಗೆ ಯಾವ ಸಂಗತಿಯೂ ನಡೆದಂತೆ ಅಲ್ಲ. ಮಗುವಿಗೆ ವರ್ಷ ತುಂಬಿದರೆ ಬ್ಯಾನರ್, ಮುದುಕ ಸತ್ತರೆ ಬ್ಯಾನರ್, ನರ್ಸ್ ಪರೀಕ್ಷೆ ಪಾಸಾದರಂತೂ ಗೇಟಿಗಿಂತ ದೊಡ್ಡ ಬ್ಯಾನರ್. ಪಾಸಾದವಳ ಮುಖ ನಡುವೆ, ಅಭಿನಂದಿಸುವವರ ಮುಖಗಳು ಸುತ್ತ. ಕೆಲವೊಮ್ಮೆ ಸುತ್ತಲಿನ ಮುಖಗಳೇ ದೊಡ್ಡದಾಗಿ, ಪಾಸಾದವಳನ್ನು ಹುಡುಕಬೇಕಾಗುತ್ತದೆ. ಎಲ್ಲರಿಗೂ ಇವತ್ತೇ ಬೇಕು. ಇಷ್ಟರ ನಡುವೆ ಲೆಂಗ್‌ಳ ಬಯಸುವ ಹುದ್ದೆ ಏನಾಗಿತ್ತೆಂದು ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ.

ಕಳೆದ ವರ್ಷ ಮನಿಲಾದ ಒಂದು ಪ್ರಕಾಶನದವರು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಎಳೆಯರನ್ನು ಕರೆದರು. ಆಯ್ಕೆಯಾಗುವ ಆರು ಜನರಿಗೆ ಒಂದು ವರ್ಷ ಅಲ್ಲೇ ಊಟ, ವಸತಿ, ಪಾಠ, ಕೊನೆಗೆ ತಮ್ಮದೇ ಹೆಸರಿನಲ್ಲಿ ಒಂದೊಂದು ಪುಸ್ತಕ. ವಯಸ್ಸು ಇಪ್ಪತ್ತಮೂರು ದಾಟಿರಬಾರದು. ಲೆಂಗ್‌ಗೆ ಆಗ ಸರಿಯಾಗಿ ಇಪ್ಪತ್ತಮೂರು. ಯಾರಿಗೂ ಹೇಳದೆ ಮೂರು ಪುಟ ಕಳಿಸಿದ್ದಳು. ಮೊದಲ ಸುತ್ತಿನ ಇಪ್ಪತ್ತು ಜನರಲ್ಲಿ ಹೆಸರು ಬಂತು. ಇನ್ನು ಮೂರು ವಾರದೊಳಗೆ, ಶುಕ್ರವಾರ ಸಂಜೆ ಐದಕ್ಕೆ ಮುಂಚೆ, ಕಥೆಯ ಹನ್ನೆರಡು ಪುಟವನ್ನೂ ಮುಗಿಸಿ ಕಳಿಸಬೇಕು. ಮಧ್ಯಾಹ್ನ ಅನ್ನಕ್ಕೆ ತೆಂಗಿನ ಹಾಲಿನ ಕೆಸುವಿನ ಪಲ್ಯ ಕಲಸುತ್ತಾ ನನಗೆ ಇದನ್ನು ಹೇಳಿದಳು, ಆಮೇಲೆ ಕೈ ತೊಳೆದುಕೊಂಡು ಕ್ಯಾಲೆಂಡರಿನ ಹಾಳೆಗಳನ್ನು ತೆಗೆದು ತೋರಿಸಿದಳು.

ಒಂದು ಕೋಳಿಯ ಕಥೆ. ಅದು ದಿನಾ ಅವಳಪ್ಪನ ಟ್ರೈಸಿಕಲ್ ಹತ್ತಿ ಕೂರುತ್ತದೆ, ಬಾಡಿಗೆ ಕೊಡುವುದಿಲ್ಲ. ಪುಟಕ್ಕೊಂದು ಕಡೆ ಗಾಡಿ ನಿಲ್ಲುತ್ತದೆ. ಕೋಳಿ ಕತ್ತು ಚಾಚಿ ನೋಡುತ್ತದೆ, ಇಲ್ಲಿ ಮೊಟ್ಟೆ ಇಡಲು ಮನಸ್ಸಿಲ್ಲ ಅನ್ನುತ್ತದೆ, ಮತ್ತೆ ಕೂರುತ್ತದೆ. ಮಾತೆಲ್ಲ ನಮ್ಮ ಬಿಕೋಲ್ ಮಾತು, ನಮ್ಮ ಮಕ್ಕಳು ಜಗಳವಾಡುವ ಮಾತು. ಕಟುಕನ ಅಂಗಡಿಯ ಮುಂದೆ ಗಾಡಿ ನಿಂತಾಗ ಆ ಕೋಳಿ ಮಾಡುವ ಮುಖ ನೋಡಿ ನನ್ನ ಬಾಯಲ್ಲಿದ್ದ ಅನ್ನ ಹೊರಗೆ ಬಂತು. ಕೊನೆಗೆ ಎಲ್ಲಿ ಇಳಿಯುತ್ತದೆ ಎಂದು ಕೇಳಿದೆ. ಬರೆದಾಗ ನೋಡಿ ಎಂದಳು.

ಇಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಅರ್ಲೀನ್‌ಳ ಕಿವಿಗೆ ಬಿತ್ತು.

ಅರ್ಲೀನ್‌ಳ ಮನೆಯ ಎದುರಿಗೆ ಒಬ್ಬ ನರ್ಸಿನ ಮನೆ ಇದೆ. ಆಕೆ ಪಾಸಾದ ಬ್ಯಾನರ್ ಎರಡು ವರ್ಷದಿಂದ ಅಲ್ಲೇ ಇದೆ. ಬಿಸಿಲಿಗೆ ಮುಖವೆಲ್ಲ ನೀಲಿ ತಿರುಗಿದರೂ ತೆಗೆದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಆ ನೀಲಿ ಮುಖವೇ ಕಾಣಬೇಕು. ಆ ಹೊಟ್ಟೆಯುರಿ ನನಗೆ ಅರ್ಥವಾಗದ್ದೇನಲ್ಲ. ಶನಿವಾರ ಲೆಂಗ್ ಇಲ್ಲದ ಹೊತ್ತು ನೋಡಿ ಬಂದು, ಆರಡಿ ಅಗಲದ ಬ್ಯಾನರ್ ಬೇಕು, 'ಅಭಿನಂದನೆಗಳು ರೋಮಾರ್ಲಿನ್, ಮನಿಲಾಗೆ ಆಯ್ಕೆಯಾದ ನಮ್ಮ ಹೆಮ್ಮೆಯ ಮಗಳು' ಎಂದು ಹಾಕಿಕೊಡಿ ಎಂದಳು. ಇನ್ನೂ ಆಯ್ಕೆ ಆಗಿಲ್ಲವಲ್ಲ ಎಂದೆ.

"ಇಪ್ಪತ್ತರೊಳಗೆ ಬಂದಿದ್ದಾಳೆ ಅಂದ್ರೆ ಆದ ಹಾಗೇ ಅಲ್ವಾ ಮನಾಯ್? ನಾಲ್ಕು ದಿನ ಮುಂಚೆ ಹಾಕಿದ್ರೆ ಅಭಿನಂದನೆ ಏನು ಹಳಸಿ ಹೋಗುತ್ತಾ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ. ಹೊಲಿಸಲು ಬಂದವಳು ಅರ್ಲೀನ್, ಹೊಲಿದುಕೊಟ್ಟವಳು ನಾನು. ಗಿರಾಕಿ ಕೇಳಿದ್ದನ್ನು ಮಾಡುವುದು ನನ್ನ ಕಸುಬು ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಜಂಬ ಇತ್ತು, ನನ್ನ ಅಂಗಡಿಯ ಹುಡುಗಿ ಎಂದು. ಅಕ್ಷರಕ್ಕೆ ಚಿನ್ನದ ಬಣ್ಣ ಹಾಕಿದ್ದು ನಾನೇ, ಅರ್ಲೀನ್ ಕೇಳಿರಲಿಲ್ಲ.

ಸೋಮವಾರ ಲೆಂಗ್ ಬಂದವಳು ಬ್ಯಾಗನ್ನು ಕುರ್ಚಿಗೆ ತಗುಲಿಹಾಕಿ, ನಮ್ಮ ಗೇಟಿನ ಬ್ಯಾನರ್ ಯಾರು ಜೋಡಿಸಿದ್ದು, ಅಕ್ಷರಗಳ ನಡುವಿನ ಅಂತರ ಸರಿಯಿಲ್ಲ ಎಂದಳು. ಅಷ್ಟೇ. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು. ಬ್ಯಾನರ್ ತೆಗೆಯಮ್ಮಾ ಎಂದು ಮನೆಯಲ್ಲಿ ಬೇಡಿಕೊಂಡಿದ್ದಳಂತೆ. ಈಗ ತೆಗೆದರೆ ಮನಿಲಾದವರು ನಿನ್ನನ್ನು ಕೈಬಿಟ್ಟರು ಎಂದುಕೊಳ್ಳುತ್ತಾರೆ ಊರವರು ಎಂದಳಂತೆ ಅರ್ಲೀನ್. ಅದೂ ಸುಳ್ಳಲ್ಲ. ಹಾಕಿದ್ದು ತಪ್ಪು, ತೆಗೆದರೆ ಇನ್ನೂ ದೊಡ್ಡ ತಪ್ಪು. ಹುಡುಗಿ ಅಡಕತ್ತರಿಗೆ ಸಿಕ್ಕ ಅಡಕೆಯಂತಾದಳು.

ಗೆದ್ದವರು ಊರಿಗೆ ತಿನ್ನಿಸಬೇಕು. ಚರ್ಚಿನ ಹೆಂಗಸರು ಬಂದು ಪಾನ್ಸಿತ್ ಯಾವಾಗ ಮಾಡಿಸುತ್ತೀರಿ ಎಂದು ಕೇಳಿದರು, ಅರ್ಲೀನ್ ಒಂದು ಭಾನುವಾರ ಇಡೀ ಬೀದಿಗೆ ಶಾವಿಗೆ ಹುರಿದು ಹಾಕಿದಳು, ತಟ್ಟೆ ಹಂಚಿದ್ದು ಲೆಂಗ್. ಒಂದು ದಿನ ಹೋಯಿತು. ನೆಂಟರ ಮಗು ಚಿತ್ರ ಬಿಡಿಸುವ ಮನೆಪಾಠ ತಂದಿತು. ಪಾದ್ರಿಗಳು ಕ್ರಿಸ್ತ ಜನನದ ಪರದೆಗೆ ಕುರಿಗಳು ಬೇಕೆಂದರು. ಆಮೇಲೆ ನಮ್ಮ ವಾರ್ಡಿನ ಮೆಂಬರ್ ಡಿಯೊಸ್ದಾದೊ. ಎಲ್ಲಿ ಅಭಿನಂದನೆಯೋ ಅಲ್ಲಿ ತನ್ನ ಮುಖ ತೂರಿಸುವ ಮನುಷ್ಯ. ಬಾಸ್ಕೆಟ್‌ಬಾಲ್ ಅಂಗಳದ ಉದ್ದ ಗೋಡೆಗೆ ನಮ್ಮದೇ ಊರಿನ, ಮನಿಲಾ ಮೆಚ್ಚಿದ ಕಲಾವಿದೆಯಿಂದ ಚಿತ್ರ ಬರೆಸುತ್ತೇನೆ, ಬುಧವಾರ ಮೇಯರ್ ನೋಡಲು ಬರುತ್ತಾರೆ ಎಂದು ಮೊದಲು ಎಲ್ಲರಿಗೂ ಸಾರಿ, ಆಮೇಲೆ ಅರ್ಲೀನ್‌ಳನ್ನು ಕೇಳಿದ. ಅವಳು ಹೂಂ ಅಂದಳು. ರೊಮೆಲ್‌ನ ಕಾಲು ಮುರಿದಾಗ ನಾಗಾ ಪಟ್ಟಣದ ಆಸ್ಪತ್ರೆಗೆ ಸಾಗಿಸಿದ್ದು ಮೆಂಬರನ ವ್ಯಾನ್. ಅಂಥ ಉಪಕಾರ ನಮ್ಮಲ್ಲಿ ತೀರುವುದೂ ಇಲ್ಲ, ಕೇಳಿದಾಗ ಇಲ್ಲ ಎನ್ನುವಂತೆಯೂ ಇಲ್ಲ.

ಎಂಟು ದಿನ ಹುಡುಗಿ ಬಿಸಿಲಲ್ಲಿ ಏಣಿ ಮೇಲೆ ನಿಂತಳು. ಅಂಗಡಿಯ ಕೆಲಸದಿಂದ ಅವಳಿಗೆ ರಜೆ ಕೊಟ್ಟಿದ್ದು ನಾನೇ, ಮೆಂಬರನನ್ನು ಎದುರು ಹಾಕಿಕೊಳ್ಳಲಾರದೆ. ಬೆಟ್ಟ, ಗದ್ದೆ, ಮೀನು ಎಂದು ಶುರುವಾದದ್ದಕ್ಕೆ ಮೂಲೆಯಲ್ಲಿ ಮೆಂಬರನ ಮುಖ ಸೇರಿತು, ಸಣ್ಣದಾಗಿ ಸಾಕು ಎಂದಿದ್ದ. ಮೂರನೇ ದಿನಕ್ಕೆ ಅದು ಮೀನಿಗಿಂತ ದೊಡ್ಡದಾಯಿತು, ಆರನೇ ದಿನಕ್ಕೆ ಬೆಟ್ಟದಷ್ಟಾಯಿತು. ಲೆಂಗ್ ಬೆಳಗಿನ ನಾಲ್ಕಕ್ಕೆ ಎದ್ದು ಏಳರವರೆಗೆ ಕೋಳಿ ಬರೆದು ಏಣಿ ಹತ್ತುತ್ತಿದ್ದಳು. ಒಂದು ದಿನ ನಾನು ಅಂಗಳಕ್ಕೆ ಬಿಸಿ ಪಾಂದೆಸಾಲ್ ಬನ್ನು ತೆಗೆದುಕೊಂಡು ಹೋದೆ. ದಾರಿಹೋಕರು ನಿಂತು ನಿಂತು, ಮನಿಲಾಗೆ ಯಾವಾಗ ಪ್ರಯಾಣ ಎಂದು ಕೇಳುತ್ತಿದ್ದರು. ಅವಳು ನಗುತ್ತಿದ್ದಳು. ಅವರು ಅತ್ತ ಹೋದಮೇಲೆ ಏಣಿಯಿಂದ ಇಳಿದು ಬನ್ನು ಕೈಗೆ ತೆಗೆದುಕೊಂಡು, ತಿನ್ನದೆ ನಿಂತಳು.

"ನಾನು ಇನ್ನೂ ಗೆದ್ದಿಲ್ಲ ಮನಾಯ್. ಗೆದ್ದೆ ಗೆದ್ದೆ ಅಂದ್ಕೊಂಡು ಗೆಲ್ಲೋಕೂ ಬಿಡ್ತಿಲ್ಲ ಇವರು."

ನನಗೆ ಮೆಂಬರನ ಮೇಲೆ ರಕ್ತ ಕುದಿಯಿತು. ಅರ್ಲೀನ್‌ಳಿಗೂ ಮನಸ್ಸಿನಲ್ಲೇ ಬೈದೆ. ಊರಿಗೆಲ್ಲ ಬಿಟ್ಟಿ ಚಾಕರಿ ಮಾಡಲು ಒಂದು ಹೆಣ್ಣುಮಗು ಸಿಕ್ಕಿತು ಇವರಿಗೆ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಬುಧವಾರ ಮೇಯರ್ ಬರಲಿಲ್ಲ, ಸೆಕ್ರೆಟರಿಯನ್ನು ಕಳಿಸಿದರು. ಅಂತೂ ಗೋಡೆ ಮುಗಿಯಿತು. ಕೋಳಿಯ ಹತ್ತು ಪುಟವೂ ಮುಗಿದಿದ್ದವು. ಉಳಿದದ್ದು ಎರಡೇ, ದಿನಕ್ಕೊಂದು ಪುಟ. ಗುರುವಾರ ಒಂದು, ಶುಕ್ರವಾರ ಐದಕ್ಕೆ ಮುಂಚೆ ಇನ್ನೊಂದು. ಲೆಕ್ಕ ಸರಿಯಾಗಿ ಕೂತಿತ್ತು.

ಗುರುವಾರ ಬೆಳಿಗ್ಗೆ ಶಿಕ್ಷಕರ ಪರೀಕ್ಷೆಯ ಫಲಿತಾಂಶ ಬಂತು. ಎಂಟು ಗಂಟೆಗೆ ಬ್ವೆನಾಓಬ್ರಾ ಮನೆಯವರು ಐದು ಜನ ನನ್ನ ಬಾಗಿಲಲ್ಲಿ. ಮಗಳು ಪಾಸಾಗಿದ್ದಾಳೆ, ಮಧ್ಯಾಹ್ನದ ಬಸ್ಸಿಗೆ ಲೆಗಾಸ್ಪಿಯಿಂದ ಬಂದು ಇಳಿಯುತ್ತಾಳೆ, ಇಳಿಯುವಾಗ ಬ್ಯಾನರ್ ನೇತಾಡುತ್ತಿರಬೇಕು. ಜೋಡಣೆ ಮಾಡುವ ಇನ್ನೊಬ್ಬ ಹುಡುಗ ತನ್ನ ಹೆಂಡತಿಯ ಹೆರಿಗೆಗೆ ಹೋಗಿದ್ದ. ನನಗೆ ಅಕ್ಷರ ಹಾಕಲು ಬರುತ್ತದೆ, ಹದಿನಾಲ್ಕು ಮುಖ ಕತ್ತರಿಸಿ ಕೂರಿಸಲು ಬರುವುದಿಲ್ಲ. ಲೆಂಗ್‌ಗೆ ಫೋನ್ ಮಾಡಿದೆ.

"ಒಂದೇ ಗಂಟೆ ಮಗಳೇ. ಬಂದು ಕೂತ್ಕೋ, ಎದ್ದು ಹೋಗು."

ಆಯಿತು ಮನಾಯ್ ಎಂದಳು. ಬಂದಳು. ಅಜ್ಜನದ್ದು ಮತದಾರರ ಚೀಟಿಯ ಫೋಟೋ, ಅದನ್ನು ಬೆಳಗಿಸಬೇಕು. ದುಬೈಯಲ್ಲಿರುವ ಚಿಕ್ಕಮ್ಮ ತನ್ನ ಫೋಟೋ ಮೂರು ಸಲ ಬದಲಾಯಿಸಿದಳು, ದಪ್ಪ ಕಾಣುತ್ತೇನೆ ಎಂದು. ಯಾವ ಮಾವನ ಮುಖ ಮೇಲೆ ಎಂದು ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಚರ್ಚೆ ನಡೆಯಿತು. ಪಾಸಾದವಳು ಬಸ್ಸಿಳಿದು ತಾನೇ ಅಂಗಡಿಗೆ ಬಂದು ಕೂತಳು. ಲೆಂಗ್ ಎದ್ದಾಗ ಸಂಜೆ ನಾಲ್ಕೂವರೆ. ಆ ರಾತ್ರಿ ಕೂತರೂ ಹನ್ನೊಂದನೇ ಪುಟ ಅರ್ಧವೂ ಆಗಲಿಲ್ಲವಂತೆ. ಶುಕ್ರವಾರ ಬೆಳಿಗ್ಗೆ ಬ್ಯಾನರ್ ವಾಪಸ್ ಬಂತು, ಅಜ್ಜನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು, ಮುದುಕ ಊಟ ಬಿಟ್ಟಿದ್ದಾನೆ ಎಂದರು. ನಾನು ಮತ್ತೆ ಫೋನ್ ಮಾಡಿದೆ. ಮತ್ತೆ ಬಂದಳು. ಅಕ್ಷರ ಸರಿಮಾಡುವಷ್ಟರಲ್ಲಿ ಇನ್ನಿಬ್ಬರು ಪಾಸಾದವರ ತಾಯಂದಿರು ಬಂದು ನಿಂತಿದ್ದರು, ಹೇಗೂ ಕೂತಿದ್ದೀಯಲ್ಲ ಎಂದೆ.

ಐದು ಗಂಟೆಗೆ ಅವಳು ಹತ್ತು ಪುಟ ಕಳಿಸಿದಳು. ನನ್ನ ಅಂಗಡಿಯ ಕಂಪ್ಯೂಟರಿನಿಂದಲೇ.

ತಿಂಗಳ ಮೇಲೆ ಉತ್ತರ ಬಂತು. ಓದಿ ನನ್ನ ಕಡೆಗೆ ಪರದೆ ತಿರುಗಿಸಿದಳು. ನಿಮ್ಮ ಕೋಳಿಯನ್ನು ನಾವೆಲ್ಲರೂ ಬಹಳ ಮೆಚ್ಚಿದೆವು, ಅದು ಕೊನೆಗೆ ಎಲ್ಲಿ ಇಳಿಯಿತೆಂದು ತಿಳಿಯುವ ಆಸೆ ಇತ್ತು, ಆದರೆ ಅಪೂರ್ಣ ಕಥೆಗಳನ್ನು ಪರಿಗಣಿಸುವಂತಿಲ್ಲ, ವಿಷಾದವಿದೆ ಎಂದಿತ್ತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ದಾಟುತ್ತದೆ. ಬೈಯಲು ಮೆಂಬರ್ ಇದ್ದ, ಅರ್ಲೀನ್ ಇದ್ದಳು, ನಾನು ಎಂಟು ದಿನ ಇಬ್ಬರನ್ನೂ ಬೈದಿದ್ದೆ. ಅವರ ಕಾಟವನ್ನೆಲ್ಲ ತಡೆದುಕೊಂಡೂ ಹುಡುಗಿ ಹತ್ತು ಪುಟ ಬರೆದಿದ್ದಳು. ಉಳಿದ ಎರಡನ್ನು ತಿಂದವಳು ನಾನು. ಅದನ್ನು ಬಾಯಿಬಿಟ್ಟು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಗಿರಾಕಿ ಬಂದರು.

ಲೆಂಗ್ ಊರಿಗೆ ತಾನೇ ಹೇಳಿದಳು, ಕೇಳಿದವರಿಗೆಲ್ಲ, ಆಯ್ಕೆ ಆಗಿಲ್ಲ ಎಂದು. ಯಾರಿಗೂ ಬೇಸರವಾಗಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಹೋಗಲಿ ಬಿಡು, ಇಲ್ಲೇ ಇರ್ತೀಯಲ್ಲ, ನಮ್ಮ ಪಾಪುವಿನ ಹುಟ್ಟುಹಬ್ಬಕ್ಕೆ ಒಂದು ಒಳ್ಳೆ ಬ್ಯಾನರ್ ಮಾಡಿಕೊಡು ಎಂದರು. ಅರ್ಲೀನ್ ಬ್ಯಾನರಿನ ಮೇಲೆ 'ಇಪ್ಪತ್ತರಲ್ಲಿ ಒಬ್ಬಳು' ಎಂಬ ತುಂಡು ಅಂಟಿಸಲು ಎಷ್ಟಾಗುತ್ತದೆ ಎಂದು ನನ್ನನ್ನು ಕೇಳಿದಳು. ಆ ದಿನ ಮಾತ್ರ ನಾನು ಗಿರಾಕಿಯನ್ನು ಹೊರಗೆ ಕಳಿಸಿದೆ.

ಮಾರ್ಚ್ ಕೊನೆಯಲ್ಲಿ, ಶಾಲೆಗಳ ಪದವಿ ಸಮಾರಂಭದ ಬ್ಯಾನರುಗಳು ಕುತ್ತಿಗೆಯವರೆಗೆ ಬಂದಿರುವಾಗ, ಲೆಂಗ್ ನನ್ನ ಮೇಜಿನ ಮುಂದೆ ಬಂದು ಗುರುವಾರ ಶುಕ್ರವಾರ ರಜೆ ಬೇಕು ಎಂದಳು. ಯಾಕೆ ಎಂದೆ. ಎರಡು ಪುಟ ಬಾಕಿ ಇದೆ ಎಂದಳು.

"ಇನ್ಯಾರಿಗೆ ಕಳಿಸ್ತೀಯ ಅದನ್ನ?"

"ಯಾರಿಗೂ ಇಲ್ಲ. ಮುಗಿಸ್ಬೇಕು."

ಹೋಗು ಎಂದೆ. ಆದರೆ ಮೂರು ವರ್ಷದ ಚಟ, ನಾಲಿಗೆ ಸುಮ್ಮನಿರಬೇಕಲ್ಲ. ಅವಳು ಬಾಗಿಲ ಹತ್ತಿರ ಹೋಗಿದ್ದಾಗ, ತೀರಾ ತುರ್ತು ಬಿದ್ದರೆ ಫೋನ್ ಮಾಡುತ್ತೇನೆ, ಎತ್ತಿಕೋ ಎಂದುಬಿಟ್ಟೆ. ಲೆಂಗ್ ತಿರುಗಿ ನಿಂತಳು. ಮುಖದಲ್ಲಿ ಕೋಪವಿರಲಿಲ್ಲ.

"ಎತ್ತಲ್ಲ ಮನಾಯ್."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅನ್ನ ಹಾಕಿದವಳಿಗೇ ಹೀಗೆ ಹೇಳುವುದೇ ಎಂದುಕೊಂಡೆ. ಗುರುವಾರ ಒಬ್ಬಳೇ ಕೂತು ಮಕ್ಕಳ ತಲೆಗಳನ್ನು ವಕ್ರವಕ್ರವಾಗಿ ಕತ್ತರಿಸಿದೆ, ಎರಡು ಮನೆಯವರು ಬೈದುಹೋದರು. ಮಧ್ಯಾಹ್ನದೊಳಗೆ ನಾನು ಅವಳಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.